ಟಿರೆಲ್ ಹುಡುಕುತ್ತಿದ್ದದ್ದು ಕಲ್ಲಿದ್ದಲನ್ನು

ಕೆನಡಾದ ಡ್ರಮ್‌ಹೆಲ್ಲರ್ ಪಟ್ಟಣದ ಡೈನೋಸಾರ್ ಮ್ಯೂಸಿಯಂಗೆ ಯಾರ ಹೆಸರಿಟ್ಟಿದ್ದಾರೋ ಆ ಜೋಸೆಫ್ ಟಿರೆಲ್ ಡೈನೋಸಾರ್ ತಜ್ಞರೇ ಎಂದು ಕೇಳಿದ್ದೀರಿ. ಅಲ್ಲ, ಅವರು ಸರ್ಕಾರಿ ಭೂವಿಜ್ಞಾನಿ. 1884ರಲ್ಲಿ ರೆಡ್ ಡೀರ್ ನದಿ ಕಣಿವೆಯಲ್ಲಿ ಕಲ್ಲಿದ್ದಲು ಹುಡುಕುತ್ತಿದ್ದಾಗ ಆಲ್ಬರ್ಟೋಸಾರಸ್ ಎಂಬ ಮಾಂಸಾಹಾರಿ ಡೈನೋಸಾರ್‌ನ ತಲೆಬುರುಡೆ ಕಣ್ಣಿಗೆ ಬಿತ್ತು, ಅಷ್ಟೇ. ಆ ಪ್ರಾಣಿಗೆ ಹೆಸರಿಟ್ಟಿದ್ದೂ ಬೇರೆಯವರು, 1905ರಲ್ಲಿ.

ನನ್ನ ಪ್ರಕಾರ ಅವರ ನಿಜವಾದ ಸಾಹಸ 1893ರದ್ದು. ತಮ್ಮನಾದ ಜೇಮ್ಸ್ ಜೊತೆ ದೋಣಿಗಳಲ್ಲಿ ಅಥಬಾಸ್ಕಾ ಸರೋವರದಿಂದ ಹೊರಟು, ಡುಬಾಂಟ್ ನದಿ ಹಿಡಿದು, ಮರವೇ ಇಲ್ಲದ ಬಯಲು ದಾಟಿ ಹಡ್ಸನ್ ಕೊಲ್ಲಿ ಮುಟ್ಟಿದರು. ದಾರಿಯಲ್ಲಿ ಕ್ಯಾರಿಬೂ ಎಂಬ ಉತ್ತರದ ಜಿಂಕೆಗಳನ್ನು ಬೇಟೆಯಾಡಿ ಮಾಂಸ ಒಣಗಿಸಿ ಇಟ್ಟುಕೊಂಡರು. ಆದರೂ ಅಕ್ಟೋಬರ್‌ನಲ್ಲಿ ಕೊಲ್ಲಿಯ ದಡದ ಚರ್ಚಿಲ್ ಎಂಬ ನೆಲೆ ಸೇರುವಷ್ಟರಲ್ಲಿ ಹಸಿವು, ಚಳಿಗೆ ಸೋತಿದ್ದರು. ಅಷ್ಟಾದರೂ ಮರುವರ್ಷ ಮತ್ತೆ ಉತ್ತರಕ್ಕೆ ಹೋದರು, ನೋಡಿ!

ಆಮೇಲೆ ಸರ್ಕಾರಿ ಕೆಲಸ ಬಿಟ್ಟು, ಚಿನ್ನ ಸಿಗುತ್ತಿದ್ದ ಕ್ಲೋಂಡೈಕ್ ಪ್ರದೇಶಕ್ಕೆ ಹೋದರು. ದುಡ್ಡು ಕೈಹಿಡಿದದ್ದು ಮಾತ್ರ ಒಂಟಾರಿಯೋ ಪ್ರಾಂತ್ಯದ ಕರ್ಕ್‌ಲೆಂಡ್ ಲೇಕ್‌ನ ಚಿನ್ನದ ಗಣಿಯಲ್ಲಿ. ತೀರಿಕೊಂಡಿದ್ದು 1957ರಲ್ಲಿ, 98ನೇ ವಯಸ್ಸಿನಲ್ಲಿ.