ಅದಲು ಬದಲಾದ ವಾಕ್ಯಗಳು: ಮೊದಲು ಹುಡುಕಬೇಕಾದದ್ದು ಜೋಡಿಯನ್ನು

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಅದಲು ಬದಲಾದ ವಾಕ್ಯಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುವ ಪ್ರಶ್ನೆಗಳಲ್ಲಿ ಮೊದಲ ವಾಕ್ಯ ಸುಲಭವಾಗಿ ಸಿಗುತ್ತದೆ, ಆದರೆ ನಡುವಿನವು ತಪ್ಪುತ್ತವೆ. ‘ಆದರೆ’, ‘ಹೀಗಾಗಿ’ ಮುಂತಾದ ಪದಗಳನ್ನು ಗಮನಿಸಿದರೂ ಗೊಂದಲ ತೀರುವುದಿಲ್ಲ. ಇದಕ್ಕೆ ಖಚಿತವಾದ ವಿಧಾನವಿದೆಯೇ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ಮೊದಲ ವಾಕ್ಯದಿಂದ ಕೊನೆಯ ವಾಕ್ಯದವರೆಗೆ ಸಾಲಾಗಿ ಜೋಡಿಸಲು ಹೊರಡುವುದೇ ನಿಮ್ಮ ತೊಡಕಿಗೆ ಕಾರಣವಿರಬೇಕು. ನಾಲ್ಕು ವಾಕ್ಯಗಳನ್ನು 24 ಬಗೆಯಲ್ಲಿ, ಐದನ್ನು 120 ಬಗೆಯಲ್ಲಿ ಜೋಡಿಸಬಹುದು. ಬಿಡಿಸಲಾಗದಂತೆ ಅಂಟಿಕೊಂಡಿರುವ ಎರಡು ವಾಕ್ಯಗಳು ಸಿಕ್ಕರೆ ಈ ಸಂಖ್ಯೆಗಳು ಕ್ರಮವಾಗಿ 6 ಮತ್ತು 24ಕ್ಕೆ ಇಳಿಯುತ್ತವೆ. ಆದ್ದರಿಂದ ಮೊದಲು ಹುಡುಕಬೇಕಾದದ್ದು ಅಂತಹ ಜೋಡಿಯನ್ನು. ಈ ವಾಕ್ಯಗಳನ್ನು ನೋಡಿ:

ಕ) ಈ ನರ್ತನದ ಅವಧಿಯಿಂದ ದೂರವನ್ನೂ ಕೋನದಿಂದ ದಿಕ್ಕನ್ನೂ ಉಳಿದ ನೊಣಗಳು ಅರಿಯುತ್ತವೆ.
ಖ) ಮಕರಂದ ತುಂಬಿದ ಹೂಗಳನ್ನು ಕಂಡ ಜೇನುನೊಣ ಗೂಡಿಗೆ ಮರಳುತ್ತದೆ.
ಗ) ಹೀಗಾಗಿ ಅವು ದಾರಿ ತಪ್ಪದೆ ನೇರವಾಗಿ ಅಲ್ಲಿಗೆ ಹಾರುತ್ತವೆ.
ಘ) ಅಲ್ಲಿ ಅದು ಎರಿಯ ಮೇಲೆ ಹೊಟ್ಟೆಯನ್ನು ಅಲುಗಿಸುತ್ತ, ಎಂಟರ ಆಕಾರದಲ್ಲಿ ಸುತ್ತುತ್ತ ನರ್ತಿಸುತ್ತದೆ.

‘ಈ ನರ್ತನ’ ಎನ್ನಬೇಕಾದರೆ ನರ್ತನದ ಮಾತು ಆಗಲೇ ಬಂದಿರಬೇಕು. ಆದ್ದರಿಂದ ಘ–ಕ ಒಂದು ಜೋಡಿ. ಇನ್ನು ಗ ವಾಕ್ಯವನ್ನು ಎಲ್ಲಿಡಬೇಕು? ವ್ಯಾಕರಣವನ್ನಷ್ಟೇ ನೋಡಿದರೆ ಅದನ್ನು ಖ ವಾಕ್ಯದ ಬೆನ್ನಿಗೂ ಇಡಬಹುದು, ಏಕೆಂದರೆ ‘ಅವು’ ಬಹುವಚನ, ಖ ವಾಕ್ಯದಲ್ಲಿ ‘ಹೂಗಳು’ ಇವೆ. ಆದರೆ ಹೂಗಳು ಹಾರುವುದಿಲ್ಲ. ‘ಅಲ್ಲಿ’ ಎಂಬ ಪದವೂ ಹೀಗೆಯೇ ಮೋಸಮಾಡಬಲ್ಲದು: ಘ ವಾಕ್ಯದಲ್ಲಿ ಅದು ಗೂಡು, ಗ ವಾಕ್ಯದಲ್ಲಿ ಹೂಗಳಿರುವ ತಾಣ. ಪದಗಳು ಸುಳಿವು ಕೊಡುತ್ತವೆ, ತೀರ್ಮಾನ ಮಾತ್ರ ಅರ್ಥದ್ದು. ದೂರವೂ ದಿಕ್ಕೂ ತಿಳಿದ ಮೇಲೆಯೇ ದಾರಿ ತಪ್ಪದೆ ಹಾರಲು ಸಾಧ್ಯವಾದ್ದರಿಂದ ಗ ಕೊನೆಗೆ ಬರುತ್ತದೆ, ಖ–ಘ–ಕ–ಗ ಎಂಬ ಕ್ರಮ ನಿಲ್ಲುತ್ತದೆ. ನೀವು ‘ಹೀಗಾಗಿ’ಯನ್ನು ಗಮನಿಸಿದ್ದು ಸರಿ, ಆದರೆ ಆ ಪದ ಕಂಡಾಗ, ಇದು ಯಾವುದರ ಪರಿಣಾಮ ಎಂದು ಕೇಳಿಕೊಳ್ಳದಿದ್ದರೆ ಅದರಿಂದ ಪ್ರಯೋಜನವಾಗದು.

ಕನ್ನಡದ್ದೇ ಆದ ಕೆಲವು ಸುಳಿವುಗಳು ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ನಮ್ಮಲ್ಲಿ ಕರ್ತೃಪದವನ್ನು ಬಿಟ್ಟು ‘ಮರುದಿನವೇ ಹಿಂತಿರುಗಿದಳು’ ಎಂದು ಬರೆಯಬಹುದು; ಅವಳು ಯಾರೆಂಬುದು ಹಿಂದೆಯೇ ಬಂದಿರಬೇಕೆಂದು ಕ್ರಿಯಾಪದದ ಪ್ರತ್ಯಯವೇ ಹೇಳುತ್ತದೆ. ‘ಚಿಟ್ಟೆಗಳೂ ಬರುತ್ತವೆ’ ಎಂಬಲ್ಲಿನ ‘ಊ’ ಸಾಮಾನ್ಯವಾಗಿ ಬೇರೊಂದು ಜೀವಿಯ ಪ್ರಸ್ತಾಪ ಆಗಲೇ ಆಗಿದೆ ಎಂಬುದನ್ನು ಸೂಚಿಸುತ್ತದೆ. ‘ಒಬ್ಬ ರೈತ’ ಮೊದಲು, ‘ಆ ರೈತ’ ಅನಂತರ. ಪೂರ್ಣ ಹೆಸರು ಮೊದಲು ಬಂದು, ಚುಟುಕು ರೂಪ ಆಮೇಲೆ ಬರುವುದೂ ರೂಢಿ.

ಅಭ್ಯಾಸಕ್ಕೆ, ಒಳ್ಳೆಯ ಗದ್ಯದ ಒಂದು ಪ್ಯಾರಾದ ವಾಕ್ಯಗಳನ್ನು ಬೇರೆ ಬೇರೆ ಚೀಟಿಗಳಲ್ಲಿ ಬರೆದು, ಕಲೆಸಿಟ್ಟು, ಕೆಲವು ದಿನಗಳ ನಂತರ ಜೋಡಿಸಿ ನೋಡಿ. ನಿಮ್ಮ ಕ್ರಮ ಮೂಲಕ್ಕಿಂತ ಬೇರೆಯಾದರೆ ತಕ್ಷಣ ತಪ್ಪೆಂದು ಹೊಡೆದುಹಾಕದೆ, ನೀವು ಸೇರಿಸಿದ ಒಂದೊಂದು ಜೋಡಿಗೂ ಕಾರಣವನ್ನು ಬರೆದಿಡಿ. ಒಂದೇ ಮಾತಿಗೆ ಎರಡು ಸಮಾನ ಉದಾಹರಣೆಗಳಿರುವ ಪ್ಯಾರಾದಲ್ಲಿ ಅವುಗಳ ಸ್ಥಾನ ಬದಲಾದರೂ ಅರ್ಥ ಕೆಡದಿರಬಹುದು. ಅಂತಹದನ್ನು ಪರೀಕ್ಷೆಯಲ್ಲಿ ಕೇಳಿದರೆ ದೋಷ ಪ್ರಶ್ನೆಯದೇ ಎಂಬುದು ನನ್ನ ಅಭಿಪ್ರಾಯ. ಆಗ ಕೊಟ್ಟಿರುವ ಆಯ್ಕೆಗಳಲ್ಲಿ ನಿಮ್ಮ ಖಚಿತ ಜೋಡಿಯನ್ನು ಒಡೆಯುವಂಥವನ್ನು ಮೊದಲು ಕೈಬಿಟ್ಟು, ಉಳಿದವುಗಳಿಂದ ಆರಿಸಿಕೊಳ್ಳಿ.