ಹತ್ತು ವರ್ಷ ಅನುಭವ ಇರುವ ಹುಡುಗನಿಗೂ ಬಾಯ್ಲರ್ ಸರ್ಟಿಫಿಕೇಟ್ ಬೇಕಾ?

ಬೇಕೇ ಬೇಕು ಸರ್. ಗಂಗಾವತಿ ಹತ್ತಿರ ಅಕ್ಕಿ ಗಿರಣಿ, ಭತ್ತ ಬೇಯಿಸಲು ಹೊಟ್ಟು ಉರಿಸುವ 2 ಟನ್ (ಗಂಟೆಗೆ 2 ಟನ್ ಆವಿ ಕೊಡುವ) ಬಾಯ್ಲರ್, ನೀರಿನ ಪಂಪು ಆಟೋಮ್ಯಾಟಿಕ್, ಹತ್ತು ವರ್ಷದಿಂದ ಒಬ್ಬನೇ ಹುಡುಗ ನೋಡಿಕೊಳ್ಳುತ್ತಿದ್ದಾನೆ, ಡ್ರೈಯರ್ ಮತ್ತು ಜನರೇಟರ್ ಕೂಡ ಅವನ ಪಾಲಿಗೇ ಎಂದು ಬರೆದಿದ್ದೀರಿ. ಅಂಥವನಿಗೆ ಮತ್ತೆ ಪರೀಕ್ಷೆ ಯಾಕೆ ಎಂಬುದು ನಿಮ್ಮ ಪ್ರಶ್ನೆ. ನಾನು ಫಸ್ಟ್ ಕ್ಲಾಸ್ ಬಾಯ್ಲರ್ ಅಟೆಂಡೆಂಟ್. ಸಕ್ಕರೆ ಕಾರ್ಖಾನೆಗಳಲ್ಲಿ ದುಡಿದವನು, ಈಗ ಗಿರಣಿಗಳ ಫೈರ್‌ಮನ್ ಹುಡುಗರಿಗೆ ಕೆಲಸ ಹೇಳಿಕೊಡುತ್ತೇನೆ.

ಕಾನೂನಿನ ಮಾತು ಮೊದಲು ಮುಗಿಸುತ್ತೇನೆ. ಅಟೆಂಡೆಂಟರ ನಿಯಮ 2011ರದ್ದು. ಬಾಯ್ಲರಿನ ಹೀಟಿಂಗ್ ಸರ್ಫೇಸ್, ಅಂದರೆ ಬೆಂಕಿಯ ಶಾಖ ನೀರಿಗೆ ದಾಟುವ ಮೈ, 200 ಚದರ ಮೀಟರ್ ಮೀರದಿದ್ದರೆ ಸೆಕೆಂಡ್ ಕ್ಲಾಸ್ ಸರ್ಟಿಫಿಕೇಟ್ ಸಾಕು, ಮೀರಿದರೆ ಫಸ್ಟ್ ಕ್ಲಾಸ್. 1000 ಚದರ ಮೀಟರ್ ದಾಟಿದರೆ ಬಾಯ್ಲರ್ ಆಪರೇಷನ್ ಎಂಜಿನಿಯರ್ ಬೇಕು. ನಿಮ್ಮದು 2 ಟನ್, ಸೆಕೆಂಡ್ ಕ್ಲಾಸಿನಲ್ಲೇ ಬರುತ್ತದೆ. 1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ಸಣ್ಣಪುಟ್ಟ ತಪ್ಪುಗಳಿಗೆ ಈಗ ಬರೀ ದಂಡ. ಆದರೆ ಒತ್ತಡ ಮಿತಿ ಮೀರಿದಾಗ ಆವಿ ಹೊರಬಿಡುವ ಸೇಫ್ಟಿ ವಾಲ್ವ್ ಬಿಚ್ಚಿಕೊಳ್ಳದ ಹಾಗೆ ಕಟ್ಟಿಹಾಕುವಂಥ ಕೆಲಸಕ್ಕೆ ಜೈಲು ಶಿಕ್ಷೆ ಹಾಗೇ ಇದೆ. ಇದೆಲ್ಲ ಶುರುವಾಗಿದ್ದೇ ಸಾವಿನಿಂದ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತರು, ಮರುವರ್ಷವೇ ಬಂಗಾಳದಲ್ಲಿ ದೇಶದ ಮೊದಲ ಬಾಯ್ಲರ್ ಕಾಯ್ದೆ ಬಂತು. ಬಾಯ್ಲರಿನ ಜೊತೆಗೆ ಎಂಜಿನ್‌ಗಳ ತಪಾಸಣೆಯನ್ನೂ ಅದರಲ್ಲೇ ಸೇರಿಸಿದ್ದರು.

ಈಗ ನಿಮ್ಮ ಹುಡುಗನ ವಿಷಯ. ಅವನು ಒಳ್ಳೆಯ ಕೆಲಸಗಾರನೇ ಇರಬಹುದು. ಆದರೆ ಬಾಯ್ಲರ್ ಸುಮ್ಮನೆ ಓಡುವ ದಿನಗಳು ಎಷ್ಟೇ ಕಳೆದರೂ, ಕೆಟ್ಟ ದಿನ ಏನು ಮಾಡಬೇಕೆಂದು ಅವು ಕಲಿಸುವುದಿಲ್ಲ. ಅವನನ್ನು ಒಂದೇ ಪ್ರಶ್ನೆ ಕೇಳಿ ನೋಡಿ: ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ನೀರೇ ಕಾಣುತ್ತಿಲ್ಲ, ಬೆಂಕಿ ಜೋರಾಗಿದೆ, ಏನು ಮಾಡುತ್ತೀಯ? "ತಕ್ಷಣ ಪಂಪು ಹಾಕಿ ನೀರು ಬಿಡ್ತೀನಿ" ಅಂದರೆ ಅವತ್ತೇ ಅವನನ್ನು ಒಬ್ಬನೇ ಬಿಡುವುದನ್ನು ನಿಲ್ಲಿಸಿ. ನಾನು ಕೇಳಿದ ಹುಡುಗರಲ್ಲಿ ಬಹಳ ಮಂದಿ ಇದನ್ನೇ ಹೇಳುತ್ತಾರೆ. ನೀರು ಇಳಿದಾಗ ಫರ್ನೇಸಿನ ಮೇಲ್ಭಾಗ, ಟ್ಯೂಬುಗಳು ಬರಿದಾಗಿ ಕೆಂಪಗೆ ಕಾಯುತ್ತವೆ, 500 ಡಿಗ್ರಿ ದಾಟುತ್ತಾ ಹೋದಂತೆ ಉಕ್ಕು ಬಲ ಕಳೆದುಕೊಳ್ಳುತ್ತದೆ. ಅಂಥ ಉಕ್ಕಿನ ಮೇಲೆ ತಣ್ಣೀರು ಬಿದ್ದರೆ ಅದು ಬಿರುಕು ಬಿಡಬಹುದು, ಬಿದ್ದ ನೀರು ಒಮ್ಮೆಲೇ ಆವಿಯಾಗಿ ಒತ್ತಡವೂ ಏರುತ್ತದೆ. ಸರಿಯಾದ ಕ್ರಮ ಬೇರೆ. ಮೊದಲು ಗ್ಲಾಸಿನ ಕಾಕ್‌ಗಳನ್ನು (ನಲ್ಲಿಗಳನ್ನು) ತೆರೆದು ಬ್ಲೋ ಮಾಡಿ, ನೀರು ನಿಜವಾಗಿಯೂ ಇಲ್ಲವೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಇಲ್ಲವೆಂದಾದರೆ ನೀರು ಬಿಡಬಾರದು. ಹೊಟ್ಟು ನಿಲ್ಲಿಸಿ, ಫ್ಯಾನುಗಳನ್ನು ನಿಲ್ಲಿಸಿ, ಡ್ಯಾಂಪರ್ (ಗಾಳಿ, ಹೊಗೆಯ ದಾರಿಯ ಬಾಗಿಲು) ಮುಚ್ಚಿ, ಬೆಂಕಿಯನ್ನು ಒದ್ದೆ ಬೂದಿಯಿಂದ ಮುಚ್ಚಬೇಕು. ಸ್ಟೀಮ್ ವಾಲ್ವ್ ಮುಟ್ಟಬಾರದು. ತಾನಾಗಿ ಆರಲು ಬಿಡಬೇಕು.

"ನೀರು ಕಡಿಮೆಯಾದರೆ ಮೊಬ್ರೆ ತಾನೇ ಟ್ರಿಪ್ ಮಾಡುತ್ತದೆ" ಎಂದೂ ಬರೆದಿದ್ದೀರಿ. ಮೊಬ್ರೆ ಎಂದರೆ ನೀರಿನ ಮಟ್ಟ ಇಳಿದಾಗ ಫ್ಲೋಟಿನಿಂದ (ತೇಲುಗುಂಡಿನಿಂದ) ಸ್ವಿಚ್ ಕಡಿಯುವ ಸಾಧನ. ಡೀಸೆಲ್ ಬರ್ನರ್ ಇದ್ದರೆ ಟ್ರಿಪ್ ಆದ ಕ್ಷಣ ಬೆಂಕಿ ಆರುತ್ತದೆ. ಹೊಟ್ಟಿನ ರಾಶಿ ಸ್ವಿಚ್ಚಿನ ಮಾತು ಕೇಳುವುದಿಲ್ಲ, ಗ್ರೇಟಿನ ಮೇಲೆ ಉರಿಯುತ್ತಲೇ ಇರುತ್ತದೆ. ಜೊತೆಗೆ ಮೊಬ್ರೆಯ ಚೇಂಬರಿನಲ್ಲಿ ಕೆಸರು ಕೂತರೆ ಫ್ಲೋಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದನ್ನು ಪ್ರತಿ ಶಿಫ್ಟಿನಲ್ಲೂ ಬ್ಲೋಡೌನ್ ಮಾಡಿ (ಕೆಸರು ನೀರು ಹೊರಬಿಟ್ಟು) ಪರೀಕ್ಷಿಸುವವನು ಬೇಕಲ್ಲ? ಚದರ ಸೆಂಟಿಮೀಟರಿಗೆ 10 ಕೆ.ಜಿ. ಪ್ರೆಶರಿನಲ್ಲಿ ಒಳಗಿನ ನೀರು ಸುಮಾರು 184 ಡಿಗ್ರಿಯಲ್ಲಿರುತ್ತದೆ. ಶೆಲ್ (ಬಾಯ್ಲರಿನ ಹೊರ ಮೈ) ಹರಿದರೆ ಅದರ ನೂರಕ್ಕೆ ಸುಮಾರು 16 ಪಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಆವಿಯಾಗಿ 1,600 ಪಟ್ಟು ಹಿಗ್ಗುತ್ತದೆ. ಗಿರಣಿಯ ಗೋಡೆ ಅದಕ್ಕೆ ಲೆಕ್ಕವೇ ಇಲ್ಲ.

ಸರ್ಟಿಫಿಕೇಟಿನಿಂದ ಇನ್ನೊಂದು ಪ್ರಯೋಜನವಿದೆ, ನನ್ನ ಪ್ರಕಾರ ಅದೇ ದೊಡ್ಡದು. ಅದು ಕೈಯಲ್ಲಿದ್ದವನು ಬಾಯ್ಲರ್ ನಿಲ್ಲಿಸಬಲ್ಲ. ಒಂದು ಕಾರ್ಖಾನೆಯಲ್ಲಿ ಹಂಗಾಮಿನ ನಡುವೆ ಎರಡೂ ಗೇಜ್ ಗ್ಲಾಸ್ ಬೇರೆ ಬೇರೆ ಮಟ್ಟ ತೋರಿಸಿದಾಗ ನಾನು ಬೆಂಕಿ ಇಳಿಸಿದೆ. ಮ್ಯಾನೇಜರ್ ಬಂದು ಕೂಗಾಡಿದರು, ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಲಾಗ್ ಬುಕ್ಕಿನಲ್ಲಿ ಕಾರಣ ಬರೆದು ಸಹಿ ಹಾಕಿದೆ, ಅಷ್ಟೇ. ಸರ್ಟಿಫಿಕೇಟ್ ಇಲ್ಲದ ಹುಡುಗ ಮಾಲೀಕರ ಎದುರು ಹಾಗೆ ನಿಲ್ಲುತ್ತಾನಾ? ಕೆಲಸ ಹೋಗುವ ಭಯಕ್ಕೆ ನೋಡಿಯೂ ನೋಡದವನಂತೆ ಇದ್ದುಬಿಡುತ್ತಾನೆ.

ಹಾಗಾಗಿ ಅವನನ್ನು ಡ್ರೈಯರ್, ಜನರೇಟರ್ ಎಂದು ಓಡಾಡಿಸಬೇಡಿ. ಬಾಯ್ಲರ್ ಉರಿಯುವಷ್ಟು ಹೊತ್ತು ಅದರ ಹೊಣೆಗಾರ ಅಲ್ಲೇ ಇರಬೇಕು. ಜನರೇಟರ್ ಎಂಜಿನ್‌ಗೂ ಬೇರೆ ನಿಯಮವಿದೆ: ಫ್ಲೈವೀಲ್, ಬೆಲ್ಟುಗಳಿಗೆ ಗಾರ್ಡ್ ಇರಬೇಕು, ಓಡುವ ಯಂತ್ರದ ಹತ್ತಿರ ಕೈಯಾಡಿಸುವವನು ತರಬೇತಾದವನಾಗಿ ಬಿಗಿಯಾದ ಬಟ್ಟೆ ತೊಟ್ಟಿರಬೇಕು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದನ್ನು ಬರೆದಿಟ್ಟಿದ್ದರು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬೆಲ್ಟಿನ ಪಕ್ಕ ನಿಲ್ಲುವವರನ್ನು ಎಷ್ಟೋ ಗಿರಣಿಗಳಲ್ಲಿ ಕಾಣುತ್ತೇನೆ, ಹೊಟ್ಟೆ ಉರಿಯುತ್ತದೆ.

ಹುಡುಗನನ್ನು ಬಿಡಬೇಡಿ, ಪರೀಕ್ಷೆಗೆ ಕೂರಿಸಿ. ಅವನ ಕೆಲಸದ ಅನುಭವಪತ್ರ ಬರೆದುಕೊಡಿ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ ಇದೆ, ಅರ್ಹತೆ ಮತ್ತು ಪರೀಕ್ಷೆಯ ದಿನಾಂಕವನ್ನು ಅಲ್ಲಿ ವಿಚಾರಿಸಿ. ಫೀಸು, ಓಡಾಟದ ಖರ್ಚು ನೀವೇ ಕೊಡಿ, ಪಾಸಾದ ಮೇಲೆ ಸಂಬಳ ಏರಿಸಿ. ಏರಿಸದಿದ್ದರೆ ಪಕ್ಕದ ಗಿರಣಿಯವರು ಕರೆದುಕೊಂಡು ಹೋಗುತ್ತಾರೆ, ಅದರಲ್ಲಿ ಅವನ ತಪ್ಪೇನೂ ಇಲ್ಲ. ಅಲ್ಲಿಯವರೆಗೆ ಪ್ರತಿ ಶಿಫ್ಟಿಗೂ ಸರ್ಟಿಫಿಕೇಟ್ ಇರುವವರನ್ನೇ ಹಾಕಿ, ಹುಡುಗ ಅವರ ಕೈಕೆಳಗೆ ಕೆಲಸ ಮಾಡಲಿ.