ಕಲಾ ಜಿಜ್ಞಾಸೆ: ಮಡಕೆಯ ತಳವನ್ನೂ ನೋಡಿ

ಪ್ರಶ್ನೆ: ಇತ್ತೀಚೆಗೆ ಚೆನ್ನೈಗೆ ಹೋಗಿದ್ದಾಗ ಇಂಜಂಬಾಕ್ಕಂನ ಚೋಳಮಂಡಲ ಕಲಾಗ್ರಾಮದಲ್ಲಿ ಹೊಸ ಪ್ರದರ್ಶನಗಳನ್ನು ನೋಡಿದೆ. ಗೋಡೆಗಳ ಮೇಲೆ ವರ್ಣಚಿತ್ರಗಳೂ ಮಿಶ್ರ ಮಾಧ್ಯಮದ ಕೃತಿಗಳೂ ಇದ್ದವು. ನಡುವೆ ಪೀಠಗಳ ಮೇಲೆ ಸೆರಾಮಿಕ್ ಪಾತ್ರೆಗಳನ್ನು ಇಟ್ಟಿದ್ದರು. ಇದನ್ನು ಕಲಾವಿದರೇ ನಡೆಸುತ್ತಾರೆ ಎಂದು ತಿಳಿಯಿತು. ಹಾಗೆ ನಡೆಸುವುದರಿಂದ ಆಗುವ ವ್ಯತ್ಯಾಸವೇನು? ಚಿತ್ರಗಳ ಸಾಲಿನಲ್ಲಿ ಮಡಕೆ ಕುಡಿಕೆಗಳನ್ನು ಇಡುವುದು, ಅದಕ್ಕೆ ಸಾವಿರಾರು ರೂಪಾಯಿ ಬೆಲೆ ಹಚ್ಚುವುದು ಸರಿಯೇ?
— ಓದುಗರೊಬ್ಬರು, ಬೆಳಗಾವಿ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಚೋಳಮಂಡಲದ ಮಟ್ಟಿಗೆ ಮೊದಲನೆಯದರ ಉತ್ತರವೂ ಅದರೊಳಗೇ ಇದೆ. ಆ ಗ್ರಾಮ ಹುಟ್ಟಿದ್ದು ಚಿತ್ರ ಮಾರಿದ ಹಣದಿಂದಲ್ಲ, ಕರಕುಶಲ ವಸ್ತುಗಳನ್ನು ಮಾರಿದ ಹಣದಿಂದ. ಮದರಾಸಿನ ಸರ್ಕಾರಿ ಕಲಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ (1911–1977) ಅವರಿಗೆ, ತಮ್ಮಲ್ಲಿ ಕಲಿತವರು ಹೊಟ್ಟೆಪಾಡಿಗೆ ಬೇರೆ ಉದ್ಯೋಗ ಹಿಡಿದು ಕುಂಚವನ್ನು ಮೂಲೆಗಿಡುತ್ತಾರೆಂಬ ಚಿಂತೆ ಕಾಡುತ್ತಿತ್ತು. ದಿನದ ಕೆಲವು ಗಂಟೆ ಕೈಕೆಲಸ ಮಾಡಿ ಬದುಕಿಗೆ ದಾರಿ ಮಾಡಿಕೊಂಡರೆ, ಉಳಿದ ಹೊತ್ತಿನಲ್ಲಿ ಕೊಳ್ಳುವವರ ಮರ್ಜಿ ಕಾಯದೆ ತಮಗೆ ತೋಚಿದ ಚಿತ್ರ ಬರೆಯಬಹುದು ಎಂಬುದು ಅವರು ಕಂಡುಕೊಂಡ ಉಪಾಯ. ಶಿಷ್ಯರು ಬಟ್ಟೆಯ ಮೇಲೆ ಬಿಸಿ ಮೇಣ ಹಚ್ಚಿ, ಬಣ್ಣದಲ್ಲಿ ಅದ್ದಿ ತೆಗೆದು ಬಾಟಿಕ್ ಮಾಡಿದರು, ಅದು ಮಾರಾಟವಾಯಿತು, ಬಂದ ಹಣವನ್ನು ಒಟ್ಟುಗೂಡಿಸಿ ಕಡಲ ದಂಡೆಯ ಬಳಿ ಮರಳುನೆಲವನ್ನು ಕೊಂಡು, 1966ರಲ್ಲಿ ಗ್ರಾಮವನ್ನು ಆರಂಭಿಸಿದರು. ಮೈಸೂರಿನಲ್ಲಿ ಹುಟ್ಟಿ, ಸ್ಥಾಪಕ ಸದಸ್ಯರಲ್ಲಿ ಒಬ್ಬರಾಗಿ ಅಲ್ಲಿ ನೆಲೆಸಿ, ಮುಂದೆ ಬೆಂಗಳೂರಿಗೆ ಮರಳಿದ ಎಸ್.ಜಿ. ವಾಸುದೇವ್ ಅವರ ತಾಮ್ರದ ಉಬ್ಬುಶಿಲ್ಪಗಳನ್ನು ನೋಡಿದವರಿಗೆ, ಕೈಕೆಲಸ ಮತ್ತು ಚಿತ್ರದ ನಡುವಿನ ಗೆರೆ ಅಲ್ಲಿ ಎಷ್ಟು ತೆಳುವಾಗಿತ್ತೆಂದು ಬೇರೆ ಹೇಳಬೇಕಿಲ್ಲ. ಅಂಥ ನೆಲದಲ್ಲಿ ಮಡಕೆಗೆ ಪೀಠ ಕೊಟ್ಟಿದ್ದನ್ನು ಔದಾರ್ಯವೆಂದು ನಾನು ತಿಳಿಯುವುದಿಲ್ಲ. ಹಳೆಯ ಸಾಲವನ್ನು ತೀರಿಸಿದಂತೆ ಅದು.

ಇನ್ನು ನಡೆಸುವ ಬಗೆ. ವ್ಯಾಪಾರಿ ಗ್ಯಾಲರಿಯಲ್ಲಿ ಕೃತಿ ಮಾರಾಟವಾದರೆ ಸಾಮಾನ್ಯವಾಗಿ ಬೆಲೆಯ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಗ್ಯಾಲರಿಗೆ ಹೋಗುತ್ತದೆ. ಬಾಡಿಗೆ, ದೀಪ, ವಿಮೆ, ಪ್ರಚಾರಗಳ ಹೊರೆ ಅವರ ಮೇಲಿರುವುದರಿಂದ ಅದನ್ನು ಅನ್ಯಾಯವೆನ್ನಲಾಗದು. ಆದರೆ ಆ ಹೊರೆಯೇ, ಮಾರಾಟವಾಗದ ಕೃತಿಯನ್ನು ಗೋಡೆಗೆ ಹಾಕದಂತೆ ಅವರ ಕೈ ತಡೆಯುತ್ತದೆ. ಕಲಾವಿದರೇ ನಡೆಸುವಲ್ಲಿ ಮೊಳೆ ಹೊಡೆಯುವವರೂ, ಚಹಾ ಕಾಸುವವರೂ, ಯಾವ ಕೃತಿ ಎಲ್ಲಿರಬೇಕೆಂದು ಜಗಳವಾಡುವವರೂ ಅವರೇ. ಪ್ರಚಾರ ಕಡಿಮೆ, ಪ್ರಯೋಗಕ್ಕೆ ಎಡೆ ಹೆಚ್ಚು. ದುರ್ಬಲ ಕೃತಿಗಳೂ ಸ್ನೇಹದ ದಾಕ್ಷಿಣ್ಯದಿಂದ ಒಳಗೆ ಬರುತ್ತವೆ ಎಂಬುದನ್ನೂ ಮುಚ್ಚಿಡುವುದು ಬೇಡ.

ಬೆಲೆಯ ವಿಷಯಕ್ಕೆ ಬರೋಣ. ನಿಮ್ಮ ಜಿಲ್ಲೆಯ ಖಾನಾಪುರದಲ್ಲೇ ಗ್ರಾಮೀಣ ಕುಂಬಾರಿಕೆಯ ಕೇಂದ್ರ ಸಂಸ್ಥೆಯೊಂದು ಇರುವುದರಿಂದ ಮಡಕೆ ಸುಡುವ ಆವಿಗೆಯ ಕೆಲಸ ನಿಮಗೆ ಪೂರ್ತಿ ಹೊಸದಲ್ಲವೆಂದು ಭಾವಿಸುತ್ತೇನೆ. ನೀರಿನ ಮಡಕೆ ಸಾವಿರ ಡಿಗ್ರಿ ಸೆಲ್ಸಿಯಸ್ ಒಳಗೇ ಬೇಯುತ್ತದೆ. ಅದರ ಮೈ ಸಣ್ಣಗೆ ಬೆವರುವುದರಿಂದಲೇ ನೀರು ತಣ್ಣಗಿರುತ್ತದೆ. ಗ್ಯಾಲರಿಯಲ್ಲಿ ಹೆಚ್ಚಾಗಿ ಕಾಣುವ ಸ್ಟೋನ್‌ವೇರ್ ಸುಮಾರು 1,200ರಿಂದ 1,300 ಡಿಗ್ರಿಯಲ್ಲಿ ಬೆಂದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದಕ್ಕೆ ಮೊದಲು ಒಣಗುವಾಗ ಒಮ್ಮೆ ಕುಗ್ಗುತ್ತದೆ, ಬೇಯುವಾಗ ಮತ್ತೊಮ್ಮೆ ಕುಗ್ಗುತ್ತದೆ. ಹಸಿಯಾಗಿದ್ದಾಗಿನ ಅಳತೆಯಲ್ಲಿ ಹತ್ತನೇ ಒಂದು ಭಾಗಕ್ಕೂ ಹೆಚ್ಚು ಹೋಗಬಹುದು. ಒಣಗಿಸುವಾಗ, ಮೊದಲ ಸುಡುವಿಕೆಯಲ್ಲಿ, ಗ್ಲೇಜ್ ಎಂಬ ಗಾಜಿನಂಥ ಲೇಪ ಹಚ್ಚಿದ ಮೇಲಿನ ಎರಡನೆಯ ಸುಡುವಿಕೆಯಲ್ಲಿ, ಹೀಗೆ ಬಿರುಕು ಬಿಡಲು ಅದಕ್ಕೆ ಮೂರು ಅವಕಾಶಗಳಿವೆ. ಪೀಠದ ಮೇಲೆ ನಿಂತಿರುವ ಒಂದರ ಬೆಲೆಯಲ್ಲಿ ಒಡೆದುಹೋದ ಅದರ ಒಡಹುಟ್ಟಿದವುಗಳ ಲೆಕ್ಕವೂ ಸೇರಿರುತ್ತದೆ.

ಮುಂದಿನ ಸಲ ಹೋದಾಗ, ಅಲ್ಲಿರುವವರ ಅನುಮತಿ ಕೇಳಿ, ಎರಡೂ ಕೈಯಲ್ಲಿ ಹಿಡಿದು ಒಂದು ಪಾತ್ರೆಯನ್ನು ಮಗುಚಿ ನೋಡಿ. ತಳದಲ್ಲಿ ಗ್ಲೇಜ್ ಇಲ್ಲದ ಒರಟು ಉಂಗುರವೊಂದು ಸಾಮಾನ್ಯವಾಗಿ ಕಾಣುತ್ತದೆ. ಅಲ್ಲಿಗೂ ಗ್ಲೇಜ್ ಹಚ್ಚಿದ್ದರೆ ಅದು ಕರಗಿ, ಪಾತ್ರೆ ಆವಿಗೆಯ ಹಲಗೆಗೇ ಅಂಟಿಕೊಳ್ಳುತ್ತಿತ್ತು. ಮಣ್ಣಿನ ನಿಜವಾದ ಬಣ್ಣ, ತಿಗರಿಯ ಮೇಲೆ ಕೆತ್ತಿ ತೆಗೆದ ಗೆರೆ, ಮಾಡಿದವರ ಮುದ್ರೆ, ಗ್ಲೇಜ್ ಹರಿದು ಬಂದು ಅಂಚಿನಲ್ಲಿ ದಪ್ಪಗೆ ನಿಂತ ಹನಿ ಎಲ್ಲವೂ ಆ ಎರಡು ಅಂಗುಲದೊಳಗೆ ಸಿಗುತ್ತವೆ. ಮೈಯನ್ನು ಸಿಂಗರಿಸಿ ತಳವನ್ನು ಅಲಕ್ಷಿಸಿದ ಪಾತ್ರೆಗೆ ನಾನಾದರೂ ಹಣ ಕೊಡಲಾರೆ.

ಪ್ರಶ್ನೆ: ಕಾಗದದ ಮೇಲಿನ ಮಿಶ್ರ ಮಾಧ್ಯಮದ ಕೃತಿಯೊಂದನ್ನು ಇಷ್ಟಪಟ್ಟು ಕೊಂಡಿದ್ದೇನೆ. ಮಳೆಗಾಲದಲ್ಲಿ ನಮ್ಮಲ್ಲಿ ಪುಸ್ತಕಗಳಿಗೂ ಬೂಷ್ಟು ಹಿಡಿಯುತ್ತದೆ. ಇದು ಉಳಿದೀತೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ‘ಮಿಶ್ರ ಮಾಧ್ಯಮ’ ಎಂಬ ಚೀಟಿ ನಿಮಗೆ ಏನನ್ನೂ ಹೇಳುವುದಿಲ್ಲ, ಏನೇನು ಬೆರೆತಿದೆ ಎಂದು ಕಲಾವಿದರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಕಲಾವಿದರೇ ನಡೆಸುವ ಗ್ಯಾಲರಿಯ ದೊಡ್ಡ ಅನುಕೂಲವೆಂದರೆ ಹಾಗೆ ಕೇಳಬಹುದಾದ ವ್ಯಕ್ತಿ ಹೆಚ್ಚಾಗಿ ಅಲ್ಲೇ ಕುಳಿತಿರುತ್ತಾರೆ. ಅಕ್ರಿಲಿಕ್ ಮೇಲೆ ತೈಲವರ್ಣ ನಿಲ್ಲುತ್ತದೆ, ತೈಲದ ಮೇಲೆ ಅಕ್ರಿಲಿಕ್ ನಿಲ್ಲದೆ ಕಾಲಕ್ರಮೇಣ ಪದರಾಗಿ ಏಳುತ್ತದೆ. ಅಂಟಿಸಿದ್ದು ಪತ್ರಿಕೆಯ ಕಾಗದವಾದರೆ ಅದು ಹಳದಿಯಾಗುವುದನ್ನು ತಪ್ಪಿಸಲಾಗದು. ಎಷ್ಟೋ ಕಲಾವಿದರು ಅದನ್ನು ತಿಳಿದೇ ಬಳಸುತ್ತಾರೆ.

ಬೂಷ್ಟಿನ ವಿಷಯಕ್ಕೆ ಬಂದರೆ, ಗಾಜು ಕೃತಿಗೆ ತಾಗದಂತೆ ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ (ಕೃತಿಯ ಸುತ್ತ ಇಡುವ ದಪ್ಪ ರಟ್ಟು) ಇಟ್ಟು ಫ್ರೇಮ್ ಮಾಡಿಸಿ, ಏಕೆಂದರೆ ತೇವ ಮೊದಲು ಕೂಡಿಕೊಳ್ಳುವುದೇ ಗಾಜಿಗೆ ಅಂಟಿದ ಜಾಗದಲ್ಲಿ. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ. ಒಳಗೋಡೆಯಲ್ಲೂ ಫ್ರೇಮಿನ ಕೆಳಗಿನ ಎರಡು ಮೂಲೆಗಳಿಗೆ ಬಿರಡೆಯ ಚೂರು ಅಂಟಿಸಿದರೆ ಹಿಂದೆ ಗಾಳಿಯಾಡುತ್ತದೆ. ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ವಾರಕ್ಕೊಮ್ಮೆ ಇಳಿಸಿ ಹಿಂಬದಿಯನ್ನು ನೋಡಿ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಲು ಮಾತ್ರ ಹೋಗಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕಲಾವಿದರೇ ನಡೆಸುವ ಇಂಥ ಸ್ಥಳವಿದೆಯೇ?
— ಓದುಗರೊಬ್ಬರು, ತುಮಕೂರು

ಉತ್ತರ: ಶಾಂತಿನಗರದ ಬಳಿಯ ‘ವನ್ ಶಾಂತಿರೋಡ್’ ಇದೆ. ಕಲಾವಿದರೂ ಕಲಾ ಇತಿಹಾಸಕಾರರೂ ಆದ ಸುರೇಶ್ ಜಯರಾಮ್ ಅವರು 2003ರಲ್ಲಿ ಆರಂಭಿಸಿದ ಇಲ್ಲಿ ಹೊರಗಿನಿಂದ ಬಂದ ಕಲಾವಿದರು ಕೆಲಕಾಲ ಉಳಿದು ಕೆಲಸ ಮಾಡುತ್ತಾರೆ, ಮಾಡಿದ್ದನ್ನು ಅಲ್ಲೇ ತೋರಿಸುತ್ತಾರೆ. ಪ್ರದರ್ಶನಗಳು ಹಲವೊಮ್ಮೆ ಕೆಲವೇ ದಿನ ಇರುತ್ತವೆ; ಅದು ಜನ ವಾಸಿಸುವ ಮನೆಯೂ ಆಗಿರುವುದರಿಂದ ತುಮಕೂರಿನಿಂದ ಹೊರಡುವ ಮುನ್ನ ದಿನ, ವೇಳೆ ವಿಚಾರಿಸಿಕೊಳ್ಳಿ.